ಬಿಲ್ಲೆ ಸೋಡಾದ ಬೇಸಿಗೆ

ಮೊನ್ನೆ ನಮ್ಮ ಯಜಮಾನರು ತರೀಕೆರೆಗೆ ಮದುವೆಗೆ ಹೋದದ್ದರಿಂದ ಒಂದು ದಿನದ ಮಟ್ಟಿಗೆ ಗಾಂಧಿ ಬಜಾರಿನ ಅಂಗಡಿಯಲ್ಲಿ ನಾನು ಕೂರಬೇಕಾಯಿತು. ಅಲ್ಲಿ ಕೂತು ವರ್ಷಗಳೇ ಆಗಿದ್ದವು. ಗಲ್ಲೆಯ ಪಕ್ಕದ ಹಲಗೆ ಎತ್ತಿ ಒಳಗೆ ನುಸುಳಿ, ಹಲಗೆ ಇಳಿಸಿ, ಸ್ಟೂಲಿನ ಮೇಲೆ ಕೂತು ಕಾಲು ಚಾಚಿದೆನೋ ಇಲ್ಲವೋ, ಸೋಡಾ ಮಷಿನ್ನಿನ ಬೆನ್ನಿನಿಂದ ಬಿಸಿಗಾಳಿ ಬಂದು ಪಾದಕ್ಕೆ ತಾಗಿತು. ಕಾದ ಧೂಳು, ಹಳೇ ಪೇಂಟು, ಯಾವತ್ತೋ ಚೆಲ್ಲಿ ಒಣಗಿದ ಪನ್ನೀರ್ ಸೋಡಾ, ಮೂರೂ ಸೇರಿದ ವಾಸನೆ. ನನಗೆ ಗೊತ್ತಿಲ್ಲದ ಹಾಗೆ ಕೈ ಹಲಗೆಯ ಮೇಲೆ ಹೋಗಿ, ಅದು ಸಲೀಸಾಗಿ ಏಳುತ್ತದೋ ಇಲ್ಲವೋ ಎತ್ತಿ ನೋಡಿತು. ಎದ್ದಿತು. ಆಮೇಲೆ ನನಗೇ ನಗು ಬಂತು.

ಒಂದು ಇಡೀ ಬೇಸಿಗೆಯನ್ನು ನಾನು ಈ ಹಲಗೆಯ ಹಿಂದೆ ಕಳೆದಿದ್ದೇನೆ.

ಆ ವರ್ಷ ಯುಗಾದಿಗೆ ನಾಲ್ಕು ದಿನ ಇದೆ ಅನ್ನುವಾಗ ನಮ್ಮವರು ಭದ್ರಾವತಿಯಿಂದ ಸ್ಕೂಟರಿನಲ್ಲಿ ಬರುತ್ತಾ ಮಲವಗೊಪ್ಪದ ಹತ್ತಿರ ನಾಯಿ ಅಡ್ಡ ಬಂದು ಬಿದ್ದರು. ನಾಯಿಗೆ ಏನೂ ಆಗಲಿಲ್ಲ. ಇವರ ಬಲಗಾಲಿನ ಮೂಳೆ ಎರಡು ಕಡೆ ಮುರಿದು, ತೊಡೆಯಿಂದ ಬೆರಳಿನ ತನಕ ಪಟ್ಟಿ ಬಿತ್ತು. ಮಳೆಗಾಲ ಹಿಡಿಯುವವರೆಗೆ ಕಾಲು ಊರುವ ಹಾಗಿಲ್ಲ ಅಂದರು ಡಾಕ್ಟರು.

ಅಲ್ಲಿಯವರೆಗೆ ನಾನು ಅಂಗಡಿಗೆ ಬರುತ್ತಿದ್ದದ್ದು ದೀಪಾವಳಿ ಪೂಜೆಗೆ ಮಾತ್ರ. ವಿನೋಬನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಐದು ಹೊಲಿಗೆ ಮಷಿನ್ನು, ಕಲಿಯಲು ಬರುವ ಹನ್ನೊಂದು ಹುಡುಗಿಯರು. ಹತ್ತು ಗಂಟೆಯಿಂದ ನಾಲ್ಕರ ತನಕ ಕತ್ತರಿ, ಸೀಮೆಸುಣ್ಣ, ಅವರ ಹರಟೆ, ನನ್ನ ಗದರಿಕೆ. ಕತ್ತಿನ ಪಟ್ಟಿ ಕೂರಿಸುವುದನ್ನು ಒಬ್ಬಳಿಗೆ ಕಲಿಸಿ, ಅವಳು ಅದನ್ನು ಸರಿಯಾಗಿ ಕೂರಿಸಿದ ದಿನ ನನಗೆ ಊಟ ಹೆಚ್ಚು ಸೇರುತ್ತಿತ್ತು. ಹುಡುಗಿಯರಿಗೆ ಹದಿನೈದು ದಿನ ರಜಾ ಅಂತ ಹೇಳಿ, ಐದೂ ಮಷಿನ್ನಿಗೆ ಹಳೇ ಸೀರೆ ಹೊದಿಸಿ ಅಂಗಡಿಗೆ ಬಂದೆ. ಹದಿನೈದು ದಿನ ಅಂದದ್ದು ಎರಡೂವರೆ ತಿಂಗಳಾಯಿತು.

ಅಂಗಡಿ ಎಂಟಡಿ ಅಗಲ. ಮೇಲೆ ತಗಡು. ಒಂದು ಕಡೆ ಬಿಸ್ಕತ್ತು, ಚಿಪ್ಸು, ಬೀಡಾ ಸಾಮಾನು. ಬಾಗಿಲಿಗೆ ಆನಿಕೊಂಡ ಹಾಗೆ ಸೋಡಾ ಮಷಿನ್ನು. ಅದು ಭದ್ರಾವತಿಯ ಒಂದು ಕಾರ್ಖಾನೆಯ ಆಫೀಸರುಗಳ ಕ್ಲಬ್ಬಿನಲ್ಲಿದ್ದದ್ದು. ಕ್ಲಬ್ಬು ಮುಚ್ಚಿದಾಗ ನಮ್ಮ ಮಾವನವರು ಹರಾಜಿನಲ್ಲಿ ಹಿಡಿದು ತಂದರು. ಆಳೆತ್ತರದ ಕೆಂಪು ಪೆಟ್ಟಿಗೆ, ಮೂಲೆಗಳೆಲ್ಲ ಗುಂಡು. ಎಡಗಡೆ ಉದ್ದಕ್ಕೂ ಕಿರಿದಾದ ಒಂದು ಗಾಜಿನ ಬಾಗಿಲು. ಅದರೊಳಗೆ ಸೀಸೆಗಳು ಒಂದರ ಮೇಲೊಂದು ಮಲಗಿ ಬರೀ ಮುಚ್ಚಳ ತೋರಿಸುತ್ತವೆ. ಹಿತ್ತಾಳೆ ಬಿಲ್ಲೆ ಹಾಕಿದರೆ ಒಳಗಿನ ಕೊಕ್ಕೆ ಬಿಡುತ್ತದೆ. ಆಗ ಕತ್ತು ಹಿಡಿದು ಒಂದು ಸೀಸೆ ಎಳೆದುಕೊಳ್ಳಬೇಕು. ಯಾವ ದೇಶದ ಯಾವ ಕಾಲದ ನಾಣ್ಯಕ್ಕೆ ಮಾಡಿದ್ದೋ, ನಮ್ಮ ಯಾವ ನಾಣ್ಯವೂ ಹಿಡಿಸದೆ ಮಾವನವರೇ ಬಿಲ್ಲೆ ಎರಕ ಹೊಯ್ಯಿಸಿದ್ದರು. ಈಗಿನವರು ಫೋನಿನಲ್ಲಿ ದುಡ್ಡು ಹಾಕಿ ಬಿಲ್ಲೆ ಇಸ್ಕೊಂಡು, ಸೀಸೆ ಎಳೆಯುವುದನ್ನು ವಿಡಿಯೋ ಮಾಡಿಕೊಳ್ಳುತ್ತಾರೆ. ಬಜಾರಿನಲ್ಲಿ ಬಿಲ್ಲೆ ಸೋಡಾ ಅಂದರೆ ನಮ್ಮ ಅಂಗಡಿ. ಆ ಮಷಿನ್ನು ಇಲ್ಲದಿದ್ದರೆ ಹತ್ತರ ಜೊತೆ ಇದು ಹನ್ನೊಂದನೇ ಗೂಡಂಗಡಿ.

ಮೊದಲ ವಾರ ನಾನು ಮಾಡಿದ್ದು ಒರೆಸುವ ಕೆಲಸ. ಬಜಾರಿನ ಧೂಳು ಎಂಥದೆಂದರೆ ಹತ್ತಕ್ಕೆ ಒರೆಸಿದರೆ ಹನ್ನೊಂದಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ಕೈ ಸುಮ್ಮನಿರಲಿಲ್ಲ. ಮನೆಯಲ್ಲಿ ಮಿಕ್ಕಿದ್ದ ಮರೂನ್ ಬಣ್ಣದ ದಪ್ಪ ಪರದೆ ಬಟ್ಟೆ ತಂದು, ಅಳತೆ ತೆಗೆದು, ಮಷಿನ್ನಿಗೆ ಒಂದು ಗವಸು ಹೊಲಿದೆ. ಮನೆಯ ಫ್ರಿಜ್ಜಿಗೆ, ಮಿಕ್ಸಿಗೆ ಹೊಲಿಯುವುದಿಲ್ಲವೇ, ಹಾಗೆ. ಗಾಜಿನ ಬಾಗಿಲಿಗೆ ಜಾಗ ಬಿಟ್ಟು, ಬಿಲ್ಲೆ ಹಾಕುವ ತೂತಿಗೆ ಕಾಜಾ ಕಟ್ಟಿ, ಬೆನ್ನು ಪೂರ್ತಿ ನೆಲದವರೆಗೆ ಇಳಿಬಿಟ್ಟು. ಪಕ್ಕದ ಬಳೆ ಅಂಗಡಿಯ ಗೌರಕ್ಕ ಬಂದು ಅಂಚು ಮುಟ್ಟಿ ನೋಡಿ, ಮದುವೆ ಹೆಣ್ಣಿಗೂ ಇಷ್ಟು ನೀಟಾಗಿ ಹೊಲಿಯಲ್ಲ ಬಿಡೇ ಅಂದಳು. ಆ ಅಂಗಡಿಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

ಎರಡನೇ ವಾರದಲ್ಲಿ ಮಷಿನ್ನು ನಿಲ್ಲಲು ಶುರುವಾಯಿತು.

ಗುಂಯ್ ಅನ್ನುತ್ತಾ ಇದ್ದದ್ದು ಒಳಗೆ ಎಲ್ಲೋ ಟಕ್ ಅಂದು ಸುಮ್ಮನಾಗುವುದು. ಅರ್ಧ ಗಂಟೆ ಬಿಟ್ಟರೆ ತಾನೇ ಏಳುವುದು. ಒಂದೊಂದು ಸಲ ಏಳಲಾರದೆ ಬರೀ ಮುಲುಕುವುದು; ಆಗ ಸ್ವಿಚ್ಚು ಆರಿಸಿ ಕಾದು ಮತ್ತೆ ಹಾಕಬೇಕು. ಆರಿಸದೆ ಹೋದರೆ ಸುಟ್ಟೇ ಹೋಗುತ್ತದೆ ಅಂತ ನಮ್ಮವರು ಹಾಸಿಗೆಯಿಂದಲೇ ಫೋನಿನಲ್ಲಿ ಹೆದರಿಸಿದ್ದರು. ಅದಕ್ಕೇ ಅದನ್ನು ಬಿಟ್ಟು ಏಳುವ ಹಾಗಿಲ್ಲ. ಬಚ್ಚಲಿಗೆ ಹೋಗಬೇಕೆಂದರೆ ಗೌರಕ್ಕನ ಮನೆಗೆ ಹಿತ್ತಲ ದಾರಿಯಿಂದ ಓಡಿ, ಕಿವಿಯನ್ನು ಅಂಗಡಿಯಲ್ಲೇ ಬಿಟ್ಟು ಬರುವುದು. ಮೇಲೆ ತಗಡು ಕಾಯುವುದು, ಮುಂದೆ ರಸ್ತೆ ಕಾಯುವುದು, ಪಕ್ಕದಲ್ಲಿ ಇದು. ಗಿರಾಕಿಗಳು ತಣ್ಣಗಿಲ್ಲದ ಸೋಡಾ ಕುಡಿದು ನನ್ನ ಮುಖ ನೋಡುವರು, ನಾನು ಬೇರೆ ಕಡೆ ನೋಡುವೆ.

ಇದನ್ನು ಬಲ್ಲವರು ಒಬ್ಬರೇ, ಭದ್ರಾವತಿಯ ಆರ್ಮುಗಂ ಮೇಸ್ತ್ರಿ. ಕ್ಲಬ್ಬಿನಲ್ಲಿದ್ದಾಗಿನಿಂದ ಇದರ ರಿಪೇರಿ ಅವರದೇ. ಕಾರ್ಖಾನೆಯಿಂದ ರಿಟೈರಾಗಿ ಆಗಲೇ ಎಂಟೊಂಬತ್ತು ವರ್ಷ. ಅವರ ಅಪ್ಪ ಸೇಲಂ ಕಡೆಯಿಂದ ಕುಲುಮೆಗೆ ಇಟ್ಟಿಗೆ ಕಟ್ಟಲು ಬಂದವರಂತೆ; ಮೇಸ್ತ್ರಿಯ ಕನ್ನಡ ಮಾತ್ರ ಪೂರಾ ಭದ್ರಾವತಿಯದು. ಬೆಳಿಗ್ಗೆ ಫೋನ್ ಮಾಡಿ ಹತ್ತರ ಬಸ್ಸಿಗೆ ಬರ್ತೀನಮ್ಮ ಅನ್ನುವರು. ನಾನು ಗಡಿಬಿಡಿಯಲ್ಲಿ ಮಷಿನ್ನನ್ನು ಸಿದ್ಧ ಮಾಡುವೆ. ಗವಸು ತೆಗೆದು ಮಡಚಿ ಮೇಲಿನ ಶೆಲ್ಫಿಗೆ ಇಡುವುದು, ಆಯಿಲ್ ಕೈಗೆ ಅದು ಸಿಗಬಾರದಲ್ಲ. ಹಿಂದಿನ ಕಸ ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸುವುದು. ನಾಲ್ಕು ಜನ ಬರುವ ಮನೆ ಹೇಗಿರಬೇಕೋ ಹಾಗೆ.

ಮೊದಲ ಸಲ ಅವರು ಹಿಂದಿನ ಜಾಲರಿ ಬಿಚ್ಚಿ ಒಳಗಿನ ಕೊಳವೆಗಳನ್ನು ಬ್ರಷ್ಷಿನಲ್ಲಿ ಉಜ್ಜಿದರು. ಗೋಡೆಗೂ ಮಷಿನ್ನಿಗೂ ಒಂದು ಗೇಣು ಜಾಗ ಇದೆಯೇ ಅಂತ ಕೈಯಲ್ಲೇ ಅಳೆದು, ಇನ್ನೂ ನಾಲ್ಕು ಬೆರಳು ಮುಂದಕ್ಕೆ ಎಳೆದು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕಿದರು. ಆ ಗೆರೆಯಿಂದ ಮಷಿನ್ನನ್ನು ನಾನು ಒಂದು ದಿನವೂ ಹಿಂದಕ್ಕೆ ತಳ್ಳಲಿಲ್ಲ. ಎರಡನೇ ಸಲ ಕರೆಂಟು ಸಾಲದೆ ಹೀಗಾಗುತ್ತದೆ ಅಂತ ಸ್ಟೆಬಿಲೈಸರ್ ಹಾಕಿಸಿದರು. ಮೂರನೇ ಸಲ ಫ್ಯಾನಿನ ಮೋಟರು. ನಾಲ್ಕನೇ ಸಲ ಟಕ್ ಅನ್ನುವ ಆ ಪುಟ್ಟ ಡಬ್ಬಿಯನ್ನೇ ಬದಲಾಯಿಸಿದರು. ಪ್ರತಿ ಸಲವೂ ಅವರು ಕೂತಿದ್ದಷ್ಟು ಹೊತ್ತು ಮಷಿನ್ನು ಹಾಲು ಕುಡಿದ ಮಗುವಿನ ಹಾಗೆ ಓಡುವುದು. ಸಂಜೆ ಅವರು ಬಸ್ಸು ಹತ್ತುವರು. ಮಾರನೇ ದಿನ ಹನ್ನೊಂದಕ್ಕೆ ಟಕ್.

ಕಂಪ್ರೆಸರಿನ ಮೈ ಮುಟ್ಟಿ ನೋಡುವುದನ್ನು ಅವರೇ ಕಲಿಸಿದರು. ಕರಿ ಗಡಿಗೆಯ ಹಾಗೆ ಅದು ತಳದಲ್ಲಿ ಕೂತಿರುತ್ತದೆ. ಕಾಲಿಗೆ ಚಪ್ಪಲಿ ಇರಲಿ, ಅಂಗೈ ಇಟ್ಟು ಎಣಿಸಿ ಅಂದರು. 'ಹತ್ತರ ತನಕ ತಡೆದ್ರೆ ಅದು ಸುಖವಾಗಿದೆ. ಅದಕ್ಕೂ ಮುಂಚೆ ಕೈ ತೆಗೆದ್ರಿ ಅಂದ್ರೆ ಜ್ವರ.' ನಾನು ದಿನಕ್ಕೆ ಹತ್ತು ಸಲ ಗವಸಿನ ಅಂಚು ಎತ್ತಿ ಕೈ ಇಡುವೆ. ಎರಡಕ್ಕೋ ಮೂರಕ್ಕೋ ಕಿತ್ತುಕೊಳ್ಳುವೆ, ಅಂಚು ಮತ್ತೆ ಇಳಿಸುವೆ. ಗೌರಕ್ಕ ನೋಡಿ ನೋಡಿ, 'ಮನೇಲಿ ಮಲಗಿರೋ ಗಂಡನ ಮೈನೂ ಇಷ್ಟು ಸಲ ಮುಟ್ಟಿ ನೋಡಲ್ಲ ಕಣೇ ನೀನು' ಅಂದಳು. ಅವಳ ಅಂಗಡಿಯಲ್ಲಿದ್ದ ಹೆಂಗಸರೆಲ್ಲ ಬಳೆ ಬಿಟ್ಟು ನಕ್ಕರು.

ಮೇಸ್ತ್ರಿ ಒಂದು ನೋಟ್ ಬುಕ್ಕನ್ನೂ ಕೊಟ್ಟಿದ್ದರು. ಮಷಿನ್ನು ಎಷ್ಟೊತ್ತಿಗೆ ನಿಂತಿತು, ಎಷ್ಟೊತ್ತಿಗೆ ಎದ್ದಿತು, ಇನ್ನೇನಾದರೂ ನಡೆದಿದ್ದರೆ ಅದೂ, ಒಂದೂ ಬಿಡದೆ ಬರೆಯಬೇಕು. ಕಾರ್ಖಾನೆಯಲ್ಲಿ ಹೀಗೇ ಅಂತೆ. ದೋಷ ಸಿಗುವ ತನಕ ಬರೀತಾ ಹೋಗುವುದು, ಸಿಕ್ಕ ದಿನದ ಮುಂದೆ ಒಂದು ಟಿಕ್ ಹಾಕಿ ಪುಸ್ತಕ ಮುಚ್ಚುವುದು. ಬರೆಯುವುದಕ್ಕೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಹಾಲಿನವನು ಬಂದ ಹೊತ್ತನ್ನೂ ಬರೆದಿಡುವ ಜಾತಿ ನಾನು.

ಐದನೇ ಸಲ ಮಷಿನ್ನನ್ನೇ ಲಗೇಜ್ ಆಟೋದಲ್ಲಿ ಭದ್ರಾವತಿಗೆ ಒಯ್ದು ಅವರ ಮನೆ ಅಂಗಳದ ಶೀಟಿನ ಕೆಳಗೆ ಎಂಟು ದಿನ ಓಡಿಸಿದರು. ಎಂಟು ದಿನದಲ್ಲಿ ಒಂದು ಸಲವೂ ನಿಲ್ಲಲಿಲ್ಲ. ವಾಪಸ್ಸು ತಂದು ಇಟ್ಟರು, ನಾನು ಮೈ ಒರೆಸಿ ಗವಸು ತೊಡಿಸಿದೆ. ಮೂರನೇ ಗಂಟೆಗೆ ನಿಂತಿತು.

ಆವತ್ತೇ ಮೇಸ್ತ್ರಿಗೆ ಫೋನ್ ಮಾಡಿದೆ. ನಿಮ್ಮ ತಗಡಿನ ಕಾವಿಗೆ ಒಳಗಡೆ ಏನೋ ಹಿಡ್ಕೊಳ್ತಿದೆ, ಆಯಿಲ್ ಓಡ್ತಿಲ್ಲ, ಇನ್ನು ಕಂಪ್ರೆಸರಿನ ಹೊಟ್ಟೆ ಕುಯ್ದೇ ನೋಡಬೇಕು ಅಂದರು. ಅದು ಒಂದೇ ತುಂಡಾಗಿ ಬೆಸೆದ ಗಡಿಗೆ. ಒಮ್ಮೆ ಕುಯ್ದರೆ ಮತ್ತೆ ಅದೇ ಬಿಗಿ ಬರುತ್ತದೆಂಬ ಭರವಸೆ ಇಲ್ಲ. ಆ ಕಾಲದ ಇನ್ನೊಂದು ಸಿಗುವುದೂ ಇಲ್ಲ. ಬರುವ ಅಮಾವಾಸ್ಯೆ ಒಳ್ಳೇ ದಿನ, ಆವತ್ತು ಕುಯ್ತೀನಿ ಅಂದರು. ನಮ್ಮವರು ಹೌಹಾರಿದರು. ಮೇಸ್ತ್ರಿಯ ಕಡೆಯವರಿಗೆ ಅಮಾವಾಸ್ಯೆ ಶುಭ, ನಮಗೆ ಅವತ್ತು ಸೂಜಿಗೆ ದಾರ ಪೋಣಿಸುವುದೂ ಬೇಡ. ಇಬ್ಬರೂ ಫೋನಿನಲ್ಲೇ ಹಗ್ಗ ಜಗ್ಗಿ, ಕೊನೆಗೆ ಪಾಡ್ಯವೂ ಕಳೆದು ಬಿದಿಗೆ ಗುರುವಾರ ಅಂತ ಆಯಿತು.

ಆ ರಾತ್ರಿ ನಮ್ಮವರಿಗೆ ತಟ್ಟೆ ಕೊಟ್ಟು ಪಕ್ಕದಲ್ಲಿ ಕೂತಾಗ ಅವರು ಅಂದರು: 'ನೋಡು ಸುಜಾತ, ಕುಯ್ದ ಮೇಲೂ ಆಗ್ಲಿಲ್ಲ ಅಂದ್ರೆ ಮುಗೀತು ಮಾರಾಯ್ತಿ. ಬೆಂಗಳೂರಿನ ಹೋಟೆಲಿನವರು ಶೋಗೆ ಇಡಕ್ಕೆ ಕೇಳ್ತಾನೇ ಇದಾರೆ, ಕೊಟ್ಟುಬಿಡ್ತೀನಿ. ಅಂಗಡಿ ಗೌರಕ್ಕಂಗೆ ಬಿಟ್ಟುಬಿಡೋಣ, ಗೋಡೆ ಒಡೆದು ಸೇರಿಸ್ಕೊಳ್ಳಲಿ. ನಾನು ಯಾವುದಾದ್ರೂ ಏಜೆನ್ಸಿ ನೋಡ್ತೀನಿ. ನಿಂಗೂ ಸಾಕಾಗಿದೆ, ನಿನ್ನ ಕ್ಲಾಸ್ ನೋಡ್ಕೋ.'

ಅಯ್ಯೋ, ಹಾಗನ್ನಬೇಡಿ ಅಂದೆ. ಕೈ ತೊಳೆಯಲು ಎದ್ದು ಹೋಗಿ ಬಚ್ಚಲಲ್ಲಿ ನಿಂತು, ಎರಡು ತಿಂಗಳಲ್ಲಿ ಮೊದಲ ಸಲ ಎದೆ ತುಂಬ ಉಸಿರು ಎಳೆದುಕೊಂಡೆ. ಮಷಿನ್ನು ಸತ್ತರೆ ನನಗೆ ಬಿಡುಗಡೆ. ಅದನ್ನು ಅವರ ಬಾಯಿಂದಲೇ ಕೇಳಿದ್ದೆ.

ಅದಾದ ಶುಕ್ರವಾರ ಸಂಜೆ ಗುಡುಗಿ ಮೊದಲ ಮಳೆ ಬಂತು. ಅದೇ ಹೊತ್ತಿಗೆ ಕ್ರೇಟಿನಲ್ಲಿದ್ದ ಶುಂಠಿ ಸೋಡಾ ಸೀಸೆ ಒಂದು ಒಡೆದು ಗವಸಿನ ಮೇಲೆಲ್ಲ ಸಿಡಿಯಿತು. ಒಗೆದು ಗೌರಕ್ಕನ ಮಾಳಿಗೆಯಲ್ಲಿ ಹಾಕಿದೆ. ದಪ್ಪ ಬಟ್ಟೆ, ಮೋಡ ಬೇರೆ. ಶನಿವಾರ ಒಣಗಲಿಲ್ಲ, ಭಾನುವಾರವೂ ಒಣಗಲಿಲ್ಲ. ಆ ಎರಡು ದಿನ ಮಷಿನ್ನು ನಿಲ್ಲಲಿಲ್ಲ. ಮಳೆಗೆ ತಂಪಾಗಿದೆ ಅಂದುಕೊಂಡೆ. ಸೋಮವಾರ ಬಿಸಿಲು ಮೊದಲಿಗಿಂತ ಜೋರಾಗಿ, ರಸ್ತೆಯಿಂದ ಹಬೆ ಏಳುವ ಹಾಗೆ ಹೊಡೆಯಿತು. ಹನ್ನೊಂದಾಯಿತು, ಹನ್ನೆರಡಾಯಿತು, ಮಷಿನ್ನು ಗುಂಯ್ ಅಂತಲೇ ಇತ್ತು. ಕೈ ಇಟ್ಟೆ. ಹತ್ತು ಎಣಿಸಿದೆ.

ಹನ್ನೆರಡೂವರೆಗೆ ಗೌರಕ್ಕ ಒಣಗಿದ ಗವಸನ್ನು ತಂದು ಗಲ್ಲೆಯ ಮೇಲೆ ಇಟ್ಟಳು. ತೊಡಿಸಿದೆ. ಅಭ್ಯಾಸಬಲದಿಂದ ಪುಸ್ತಕದಲ್ಲಿ 'ಗವಸು ಹಾಕಿದ್ದು 12-30' ಅಂತ ಬರೆದೆ. ಸ್ಟೂಲಿನ ಮೇಲೆ ಕೂತೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಟಕ್.

ತೆಗೆದೆ. ಅರ್ಧ ಗಂಟೆಗೆ ಎದ್ದದ್ದು ಅಂಗಡಿ ಮುಚ್ಚುವ ತನಕ ನಿಲ್ಲಲಿಲ್ಲ.

ಆ ಮಧ್ಯಾಹ್ನ ಗವಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತದ್ದು ಚೆನ್ನಾಗಿ ನೆನಪಿದೆ. ಮೊದಲು ಒಂದೇ ಪದರ ಇತ್ತು. ಬಿಸಿಲು ಏರಿದ ಹಾಗೆ ಒಳಗೆ ಗೋಣಿಯ ಇನ್ನೊಂದು ಪದರ ಕೊಟ್ಟು ಹೊಲಿದಿದ್ದೆ. ಐಸಿನ ಗಡ್ಡೆಗೆ ಗೋಣಿ ಸುತ್ತುವುದಿಲ್ಲವೇ, ಹಾಗೆ ಹೊರಗಿನ ಕಾವು ತಾಗದಿರಲಿ ಅಂತ. ಮಷಿನ್ನು ತನ್ನ ಕಾವನ್ನು ಬೆನ್ನಿನಿಂದ ಹೊರಗೆ ಬಿಡಬೇಕು ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಮೇಸ್ತ್ರಿ ಗೋಡೆ ಕೇಳಿದರು, ಕರೆಂಟು ಕೇಳಿದರು, ಧೂಳು ಕೇಳಿದರು. ಗವಸು ಕೇಳಲಿಲ್ಲ, ಅದು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಅವರು ಬರುವ ದಿನವೆಲ್ಲ ಅದು ಮಡಿಕೆಯಾಗಿ ಶೆಲ್ಫಿನಲ್ಲಿರುತ್ತಿತ್ತು. ಭದ್ರಾವತಿಗೆ ಹೋದಾಗಲೂ ಅಲ್ಲೇ ಇತ್ತು. ಗವಸು ಕಂಡ ಬಜಾರಿನವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಇತ್ತಲ್ಲ.

ಆ ಸಂಜೆಯೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಮಂಗಳವಾರ ಬೆಳಿಗ್ಗೆ ಅಂಗಡಿ ತೆಗೆದು, ಗೊತ್ತಿದ್ದೂ ಗೊತ್ತಿದ್ದೂ, ಗವಸನ್ನು ಮತ್ತೆ ತೊಡಿಸಿದೆ. ಅದು ಐದು ಸಲ ನಿಂತಿತು. ಐದನ್ನೂ ಬರೆದೆ. ಬುಧವಾರ ಮಷಿನ್ನು ಒಯ್ಯಲು ಮೇಸ್ತ್ರಿ ಲಗೇಜ್ ಆಟೋ ತಂದರು. ಯಾವತ್ತಿನ ಹಾಗೆ ಗವಸು ತೆಗೆದೆ, ಮಡಚಿದೆ, ಶೆಲ್ಫಿಗೆ ಇಡದೆ ನನ್ನ ಚೀಲದೊಳಗೆ ಇಟ್ಟುಕೊಂಡೆ. ಮಷಿನ್ನು ಎತ್ತುವಾಗ ಮೇಸ್ತ್ರಿ ಅದರ ಮೈ ಸವರಿ, ಇಷ್ಟು ವರ್ಷ ಮರ್ಯಾದೆಯಿಂದ ಇದ್ದೆ, ಈಗೇನು ಬಂತು ನಿಂಗೆ ಅಂತ ಅದಕ್ಕೇ ಹೇಳಿಕೊಂಡರು. ನಾನು ಸೀಸೆ ಎಣಿಸುವವಳ ಹಾಗೆ ತಿರುಗಿ ನಿಂತೆ.

ಮಷಿನ್ನು ಇಲ್ಲದ್ದರಿಂದ ಅಂಗಡಿ ಮುಚ್ಚಿತು. ನಾನು ಮನೆಯಲ್ಲಿದ್ದೆ. ಹೊಲಿಗೆ ಮಷಿನ್ನುಗಳ ಮೇಲಿನ ಸೀರೆ ತೆಗೆದು, ಐದಕ್ಕೂ ಎಣ್ಣೆ ಬಿಟ್ಟು, ಬೆಲ್ಟು ನೋಡಿದೆ. ಎದುರು ಮನೆಯ ಹುಡುಗಿ ಶಬ್ದ ಕೇಳಿ ಓಡಿಬಂದು, ಆಂಟಿ, ಮತ್ತೆ ಕ್ಲಾಸಿಗೆ ಬರೋದಾ ಅಂದಳು. ಆಚೆ ವಾರದಿಂದ ಬನ್ನಿ ಅಂದೆ. ಆ ಐದಾರು ದಿನ ನಾನು ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ. ಗವಸಿದ್ದ ಚೀಲವನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದ್ದೆ.

ಅಮಾವಾಸ್ಯೆಯ ದಿನ ಮೇಸ್ತ್ರಿಯ ಹೆಂಡತಿ ಸೆಲ್ವಿಯಮ್ಮ ಫೋನ್ ಮಾಡಿದರು. ಹಿಂದೆ ಒಂದೆರಡು ಸಲ ಮಾತ್ರ ಮಾತಾಡಿದ್ದೆವು. ಕ್ಷೇಮ ಸಮಾಚಾರ ಆದ ಮೇಲೆ ದನಿ ಇಳಿಸಿ, 'ನಿಮ್ಮನೆಯವರು ಇವರಿಗೆ ಏನಾದ್ರೂ ಬೈದ್ರಾ ಅಮ್ಮ?' ಅಂದರು. ಇಲ್ಲವಲ್ಲ ಅಂದೆ. ಊಟ ಸೇರ್ತಿಲ್ಲ ಇವರಿಗೆ ಅಂದರು. ಕೂತಲ್ಲೇ ಕೈ ಮುಂದೆ ಹಿಡಿದು ನೋಡಿಕೊಳ್ತಾರೆ, ಕೈ ಹೋಯ್ತು ಸೆಲ್ವಿ ಅಂತಾರೆ. ಈ ಮಷಿನ್ನು ಮುಗಿಸಿ ಟೂಲ್ಸ್ ಎಲ್ಲ ಅಕ್ಕನ ಮಗನಿಗೆ ಕೊಡ್ತಾರಂತೆ, ಇನ್ನು ಯಾರ ಮನೆ ಕೆಲಸಕ್ಕೂ ಹೋಗಲ್ಲವಂತೆ. 'ಕಾರ್ಖಾನೆ ಬಿಟ್ಟ ದಿನಾನೂ ಹಿಂಗೆ ಕೂತಿರಲಿಲ್ಲ' ಅಂದರು.

ಮಾರನೇ ದಿನವೆಲ್ಲ ಕತ್ತರಿ ಹಿಡಿದರೆ ನನ್ನ ಕೈಯೇ ಕಾಣುವುದು. ಒಂದು ರವಿಕೆಯ ತೋಳು ಉಲ್ಟಾ ಕೂರಿಸಿದೆ.

ಗುರುವಾರ ನಮ್ಮವರಿಗೆ ತಿಂಡಿ ಕೊಟ್ಟು, ನೀರಿನ ತಂಬಿಗೆ, ಕೋಲು, ಫೋನು ಎಲ್ಲ ಕೈಗೆಟುಕುವ ಹಾಗೆ ಇಟ್ಟು, ಮೇಸ್ತ್ರಿ ಮನೆಗೆ ಹೋಗಿ ಬರ್ತೀನಿ ಅಂದೆ. ನೀನ್ಯಾಕೆ ಅಂದರು. ಪುಸ್ತಕ ಕೊಡಬೇಕು ಅಂದೆ. ಎಂಟರ ಬಸ್ಸು. ಕಿಟಕಿ ಪಕ್ಕ ಸಿಕ್ಕಿತು, ತೊಡೆಯ ಮೇಲೆ ಚೀಲ. ಮಲವಗೊಪ್ಪದಲ್ಲಿ ಬಸ್ಸು ಯಾರನ್ನೋ ಇಳಿಸಲು ನಿಂತಾಗ ಇಲ್ಲೇ ಇಳಿದು ವಾಪಸ್ಸು ಹೋದರೆ ಹೇಗೆ ಅನ್ನಿಸಿತು. ಕಂಡಕ್ಟರು ರೈಟ್ ಅಂದ, ಬಸ್ಸು ಹೊರಟಿತು. ಅಷ್ಟರಲ್ಲಿ ಕುಯ್ದುಬಿಟ್ಟರೆ ಅನ್ನುವ ಭಯ ಹಿಡಿಯಿತು. ಆಮೇಲೆ ಬಸ್ಸು ನಿಂತಲ್ಲೆಲ್ಲ ನಾನು ಎದ್ದು ಎದ್ದು ಮುಂದೆ ನೋಡಿದೆ.

ಮೇಸ್ತ್ರಿ ಅಂಗಳದಲ್ಲಿ ಮಷಿನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದ್ದರು. ಹ್ಯಾಕ್ಸಾ, ಉಳಿ, ಬಟ್ಟೆ ಚೂರು ಎಲ್ಲ ಒಂದು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಒಂದು ನಿಂಬೆಹಣ್ಣು, ಊದುಬತ್ತಿ. ಕಂಪ್ರೆಸರ್ ಇನ್ನೂ ಒಳಗೇ ಇತ್ತು. ನಾನು ಬಾಗಿಲಲ್ಲೇ ನಿಂತು, ಕುಯ್ಯಬೇಡಿ ಮೇಸ್ತ್ರಿ ಅಂದೆ.

ಚೀಲದಿಂದ ಗವಸು ತೆಗೆದು ಕೈಗೆ ಕೊಟ್ಟೆ. ಇದು ಹಾಕ್ತಿದ್ದೆ, ನೀವು ಬರುವಾಗ ತೆಗೀತಿದ್ದೆ ಅಂದೆ. ಅವರು ಅದನ್ನು ಮಗುಚಿ ನೋಡಿದರು. ಒಳಗಿನ ಗೋಣಿಯನ್ನು ಹಿಸುಕಿದರು. ಮಷಿನ್ನಿನ ಪ್ಲಗ್ಗು ಚುಚ್ಚಿ, ಗವಸು ತೊಡಿಸಿ, ಒಂದು ಮುಕ್ಕಾಲಿ ಎಳೆದು ಅದರ ಮುಂದೆ ಕೂತರು. ಸೆಲ್ವಿಯಮ್ಮ ನನಗೊಂದು ಕುರ್ಚಿ ತಂದರು. ಮೂವರೂ ಕಾದೆವು. ಕಾಫ಼ಿ ಬಂತು, ಲೋಟ ಖಾಲಿಯಾಯಿತು. ಕೊಡಿ ಅಂತ ಮೇಸ್ತ್ರಿ ಪುಸ್ತಕ ಇಸ್ಕೊಂಡು, ಕನ್ನಡಕ ಹಾಕಿ, ಮೊದಲ ಹಾಳೆಯಿಂದ ಓದತೊಡಗಿದರು. ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇತ್ತು. ನಾನು ಅಂಗಳದ ನಲ್ಲಿಯಿಂದ ಹನಿ ಬೀಳುವುದನ್ನು ನೋಡುತ್ತಾ ಕೂತೆ. ಶೀಟಿನ ಕೆಳಗೆ ಸೆಕೆ. ಎದ್ದು ಹೋಗುವ ಹಾಗಿಲ್ಲ.

ಮುಕ್ಕಾಲು ಗಂಟೆಗೆ ಟಕ್ ಅಂತು.

ಸೆಲ್ವಿಯಮ್ಮ ಬೆಚ್ಚಿಬಿದ್ದರು. ಮೇಸ್ತ್ರಿ ಪುಸ್ತಕ ಮುಚ್ಚಿ, ಎದ್ದು, ಗವಸು ತೆಗೆದು ಗೋಣಿಯ ಮೇಲೆ ಹ್ಯಾಕ್ಸಾದ ಪಕ್ಕ ಹಾಸಿದರು. ಒಳಗೆ ಹೋಗಿ ಕತ್ತರಿ ತಂದರು. ಬೆನ್ನಿನ ಕಡೆ ಜಾಲರಿ ಎಲ್ಲಿ ಬರುತ್ತದೋ ಅಷ್ಟಗಲಕ್ಕೆ ಸೀಮೆಸುಣ್ಣದಲ್ಲಿ ಚೌಕ ಬರೆದು ಕತ್ತರಿಯನ್ನು ನನ್ನ ಕೈಗೆ ಕೊಟ್ಟರು. 'ಹೊಲಿದವರೇ ಕತ್ತರಿಸಬೇಕಮ್ಮ. ನಂಗೆ ಬಟ್ಟೆ ಕೆಲಸ ಬರಲ್ಲ.' ಅಷ್ಟು ಹೊತ್ತಿನಲ್ಲಿ ಅವರ ಮುಖದಲ್ಲಿ ಮೊದಲ ಸಲ ಏನೋ ಸಡಿಲವಾಯಿತು. ಹೆಂಡತಿಯ ಕಡೆ ತಿರುಗಿ, ಅನ್ನ ಆಗಿದೆಯಾ, ಹಸಿವಾಗ್ತಿದೆ ಅಂದರು.

ಮೊದಲೇ ಗೊತ್ತಿತ್ತು ಅಂತ ಹೇಳಬೇಕು ಅಂತಲೇ ಹೋಗಿದ್ದೆ. ಸೆಲ್ವಿಯಮ್ಮ ನನಗೂ ಎಲೆ ಹಾಕಿದರು, ಮೇಸ್ತ್ರಿ ಎರಡನೇ ಸಲ ಸಾರನ್ನ ಹಾಕಿಸಿಕೊಂಡರು. ಆ ಊಟದ ಮುಂದೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ಆ ಮಾತು ಬಾಯಲ್ಲೇ ಉಳಿದಿತ್ತು.

ಮನೆಗೆ ಬಂದು ನಮ್ಮವರಿಗೆ ಗವಸಿನ ಕಥೆ ಹೇಳಿದೆ. ಅವರು ಕಾಲಿನ ಪಟ್ಟಿ ಅಲ್ಲಾಡುವಷ್ಟು ನಕ್ಕು, ಎರಡು ತಿಂಗಳು ಸೋಡಾಕ್ಕೆ ಕಂಬಳಿ ಹೊದಿಸಿದ್ಯಾ ಮಾರಾಯ್ತಿ ಅಂದರು. ಆ ನಗುವಿನ ಮಧ್ಯೆಯೇ ನಾನಂದೆ, ಮಷಿನ್ನು ಇನ್ನು ನಿಲ್ಲಲ್ಲ, ಅದನ್ನು ಕಾಯೋರು ಬೇಡ, ಕಾಲು ಚಾಚಿಕೊಂಡು ಕೂತ್ರೂ ಬಿಲ್ಲೆ ಕೊಡಬಹುದು, ಸೋಮವಾರದಿಂದ ನನ್ನ ಕ್ಲಾಸ್ ಇದೆ. ಅವರ ನಗು ನಿಂತಿತು. ನನ್ನ ಮುಖ ನೋಡಿದರು. ಆಟೋದಲ್ಲಿ ಹೋಗಿ ಬರ್ತೀನಿ ಬಿಡು ಅಂದರು. ಮಷಿನ್ನು ಸತ್ತರೆ ಮಾತ್ರ ನಾನು ಹೊರಗೆ ಬರುವುದು ಅಂದುಕೊಂಡಿದ್ದೆ. ಬಾಯಿ ಬಿಟ್ಟು ಕೇಳುವುದು ಇನ್ನೊಂದು ದಾರಿ ಅನ್ನುವುದು ನಲವತ್ತೆಂಟನೇ ವಯಸ್ಸಿಗೆ ತಿಳಿಯಿತು. ಹನ್ನೊಂದು ಹುಡುಗಿಯರಲ್ಲಿ ನಾಲ್ವರು ಮಾತ್ರ ವಾಪಸ್ಸು ಬಂದರು, ಉಳಿದವರು ಬೇರೆ ಕಡೆ ಸೇರಿಬಿಟ್ಟಿದ್ದರು. ನಾಲ್ವರಿಂದಲೇ ಮತ್ತೆ ಶುರು ಮಾಡಿದೆ.

ಇದೆಲ್ಲ ಮೊನ್ನೆ ಗಲ್ಲೆಯ ಹಿಂದೆ ಕೂತು ನೆನೆಯುತ್ತಾ, ಬಿಲ್ಲೆ ಡಬ್ಬಿಗೆ ಕೈ ಹಾಕಿದಾಗ ಡ್ರಾಯರಿನ ತಳದಲ್ಲಿ ಆ ನೋಟ್ ಬುಕ್ಕು ಸಿಕ್ಕಿತು. ಮಷಿನ್ನಿನ ಜೊತೆ ವಾಪಸ್ಸು ಬಂದದ್ದು ಇಲ್ಲೇ ಉಳಿದಿತ್ತು, ನಾನು ತೆಗೆದು ನೋಡಿರಲಿಲ್ಲ. ನನ್ನ ಅಕ್ಷರ, ಪುಟಗಟ್ಟಲೆ ಗಂಟೆ, ನಿಮಿಷ. ಕೊನೆಯ ಹಾಳೆ ತಿರುಗಿಸಿದೆ. ನಾವು ಅಂಗಳದಲ್ಲಿ ಕಾದ ಆ ಗುರುವಾರವನ್ನು ಮೇಸ್ತ್ರಿಯೇ ಬರೆದಿದ್ದರು, ಅದರ ಮುಂದೆ ಟಿಕ್ ಇರಲಿಲ್ಲ. ಒಂದು ಹಾಳೆ ಹಿಂದೆ, 'ಗವಸು ಹಾಕಿದ್ದು 12-30' ಅಂತ ನಾನೇ ಬರೆದ ಸೋಮವಾರದ ಮುಂದೆ, ಪೆನ್ಸಿಲಿನಲ್ಲಿ ಒಂದು ಪುಟ್ಟ ಟಿಕ್ ಇತ್ತು.

ಇಬ್ಬರು ಗಿರಾಕಿಗಳು ಬಂದು ಹೋದರು. ಅವರಿಗೆ ಬಿಲ್ಲೆ ಕೊಟ್ಟೆನೋ ಚಿಲ್ಲರೆ ಕೊಟ್ಟೆನೋ. ಆಮೇಲೆ ಭದ್ರಾವತಿಗೆ ಫೋನ್ ಹಚ್ಚಿದೆ. ಮೇಸ್ತ್ರಿಗೆ ಈಗ ಕಣ್ಣು ಮಂಜು, ಕಿವಿ ಚುರುಕಾಗಿದೆ. ಪುಸ್ತಕ ಸಿಕ್ತು ಮೇಸ್ತ್ರಿ, ಟಿಕ್ ಸೋಮವಾರಕ್ಕೆ ಹಾಕಿದೀರ ಅಂದೆ.

'ದೋಷ ಸಿಕ್ಕಿದ ದಿನಕ್ಕೆ ಹಾಕೋದಮ್ಮ' ಅಂದರು. 'ಗುರುವಾರ ಸಿಕ್ಕಿದ್ದಲ್ಲವಲ್ಲ ಅದು.'

ಹತ್ತು ದಿನ ಸುಮ್ಮನಿದ್ದೆ ನಾನು, ನೀವು ಏನೂ ಅನ್ನಲೇ ಇಲ್ಲ ಅಂದೆ.

'ಕುಯ್ಯೋಕೆ ಮುಂಚೆ ಬಂದ್ರಲ್ಲ' ಅಂದರು. ಇನ್ನೇನೋ ಹೇಳುತ್ತಾರೆ ಅಂತ ಕಾದೆ. 'ಮಷಿನ್ನು ಹೆಂಗಿದೆ?' ಅಂದರು. ಓಡ್ತಿದೆ ಅಂದೆ. ಕೈ ಇಟ್ಟು ನೋಡಿದ್ರಾ ಅಂದರು. ಇಲ್ಲ ಅಂದೆ. 'ನೋಡಿ. ನಾನು ಲೈನಲ್ಲೇ ಇರ್ತೀನಿ.'

ಚಪ್ಪಲಿ ಮೆಟ್ಟಿ, ಹಿಂದಕ್ಕೆ ಬಗ್ಗಿದೆ. ಗವಸಿನ ಬೆನ್ನಿನ ಆ ಚೌಕದೊಳಗೆ ಕೈ ತೂರಿಸಿ, ಜಾಲರಿಯ ಕೆಳಗಿನಿಂದ ಕರಿ ಗಡಿಗೆಯ ಮೇಲೆ ಅಂಗೈ ಇಟ್ಟೆ. ಫೋನಿಗೆ ಕೇಳುವ ಹಾಗೆ ಒಂದು, ಎರಡು ಅಂತ ಎಣಿಸಿದೆ. ಏಳರಿಂದ ಆಚೆ ಅವರೂ ನನ್ನ ಜೊತೆ ಎಣಿಸಿದರು. ಹತ್ತಾಯಿತು.

'ಸಾಕಮ್ಮ' ಅಂದರು ಮೇಸ್ತ್ರಿ, 'ಇನ್ನು ಕೈ ತೆಗೀರಿ.'